ಈ ಬೋಕಿ ಎಲ್ಲಿ ಸಿಕ್ತು?

ಹೋದ ಸೆಮಿಸ್ಟರ್‌ನ ಇಂಟರ್ನಲ್ಸ್ ಮುಗಿದ ಮರುದಿನ ನಮ್ಮ ಸಂಘದ ಹಲಬರ್ಗಾದ ಗೆಳೆಯ ಒಂದು ಸಿಮೆಂಟ್ ಚೀಲ ಹೊತ್ತುಕೊಂಡು ಹಾಸ್ಟೆಲ್‌ಗೆ ಬಂದ. ಅವನ ಸೋದರಮಾವ ಬೀದರಿನ ಹಳೇ ಊರಲ್ಲಿ, ರಕ್ಷಿತ ಸ್ಮಾರಕಗಳಿಂದ ದೂರದ ಒಂದು ಓಣಿಯಲ್ಲಿ, ಹಳೆಮನೆ ಕೆಡವಿ ಹೊಸಮನೆ ಕಟ್ಟಿಸ್ತಿದ್ದಾರೆ. ಪಾಯ ತೋಡಿದ ಮಣ್ಣಿನ ಗುಡ್ಡೆಯಲ್ಲಿ ಮಡಕೆ ಚೂರು ಕಂಡವಂತೆ, ಆರಿಸಿ ತಂದಿದ್ದ. ಎಣಿಸಿದೆವು, ಒಟ್ಟು 61 ಬೋಕಿ. ಕೆಂಪು, ಕಪ್ಪು, ಬೂದಿಬಣ್ಣ, ಒಂದೆರಡಕ್ಕೆ ನೀಲಿ ಮೆರುಗು. ಬಹಮನಿ ಸುಲ್ತಾನರ ಅಡುಗೆಮನೆಯೇ ಕೈಗೆ ಸಿಕ್ಕಷ್ಟು ಖುಷಿ ನಮಗೆ. ಬಕೆಟ್‌ನಲ್ಲಿ ನೆನೆಹಾಕಿ, ಸೋಪಿನ ಪುಡಿ ಉದುರಿಸಿ, ಬಟ್ಟೆ ಬ್ರಷ್‌ನಿಂದ ತಿಕ್ಕಿ ತೊಳೆದು ಟೆರೇಸ್ ಮೇಲೆ ಒಣಹಾಕಿದೆವು.

ಮುಂದಿನ ವಾರ ಪುರಾತತ್ವ ಓದಿಕೊಂಡ ಹಿರಿಯರೊಬ್ಬರಿಗೆ ಚೀಲ ಒಯ್ದು ತೋರಿಸಿದೆವು. ಅವರು ಒಂದು ಚೂರನ್ನೂ ಕೈಗೆತ್ತಿಕೊಳ್ಳಲಿಲ್ಲ.

"ಎಲ್ಲಿ ಸಿಕ್ಕಾವ ಇವು?"

"ಹಳೇ ಊರಾಗ್ರಿ ಸರ್, ಪಾಯದ ಮಣ್ಣಿನಾಗ."

"ಎಷ್ಟು ಆಳದಾಗ? ಮಣ್ಣು ಯಾವ ಬಣ್ಣದ್ದಿತ್ತು? ಯಾವ ಬೋಕಿ ಯಾವುದರ ಜೊತಿಗಿತ್ತು?"

ನಾವು ಮುಖ ಮುಖ ನೋಡಿಕೊಂಡೆವು. ಅಗೆದದ್ದು ಜೆಸಿಬಿ, ಆರಿಸಿದ್ದು ಗುಡ್ಡೆಯಿಂದ. "ಹಂಗಾರ ಇವು ಅರ್ಧ ಮೂಕ ಆದ್ವು ನೋಡ್ರಿ," ಅಂದರು ಅವರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತೇನೋ. ಉಳಿದ ಅರ್ಧ ಏನು ಹೇಳುತ್ತೆ, ಕಳೆದುಹೋದ ಅರ್ಧ ಏನು ಹೇಳ್ತಿತ್ತು ಅನ್ನೋದನ್ನು ಆಮೇಲೆ ಎರಡು ತಿಂಗಳು ಕೂತು, ಓದಿ, ಕೇಳಿ ತಿಳ್ಕೊಂಡಿದ್ದೇವೆ. ಅದನ್ನೇ ಇಲ್ಲಿ ಬರೀತಿದ್ದೇವೆ.

ಊರಿನ ಕೆಳಗಿನ ಊರು

ಹಳ್ಳಿ ಕಡೆ ಹೊಲದಲ್ಲಿ ಬೋಕಿ ಸಿಕ್ಕರೆ "ಇಲ್ಲಿ ಹಾಳೂರು ಇತ್ತು" ಅಂತ ಹಿರಿಯರು ಹೇಳಿಬಿಡ್ತಾರೆ. ಜನ ಬಿಟ್ಟುಹೋದ ಊರು ಅಲ್ಲಿಗೇ ನಿಂತಿರುತ್ತೆ. ಪಟ್ಟಣದ ಕಥೆ ಹಾಗಲ್ಲ. ಹಂಪಿಯನ್ನೇ ನೋಡಿ, ವಿಜಯನಗರದ ರಾಜಧಾನಿ 14ನೇ ಶತಮಾನದಲ್ಲಿ ಬೆಳೆಯಿತು, 1565ರ ಯುದ್ಧದ ನಂತರ ಹಾಳುಬಿತ್ತು. ಅರಮನೆ ಭಾಗದಲ್ಲಿ ಆಮೇಲೆ ಯಾರೂ ದೊಡ್ಡದಾಗಿ ಊರು ಕಟ್ಟಲಿಲ್ಲ. ಅಲ್ಲಿನ ಮಡಕೆಗಳಿಗೆ ಹಿಂದೊಂದು ಗೆರೆ, ಮುಂದೊಂದು ಗೆರೆ ಇದೆ. ಕಾರ್ಲಾ ಸಿನೊಪೊಲಿ ಎಂಬ ಪುರಾತತ್ವಜ್ಞೆ ಅಲ್ಲಿನ ಶ್ರೀಮಂತರ ವಸತಿ ಭಾಗದ ಮಣ್ಣಿನ ಪಾತ್ರೆ ಚೂರುಗಳನ್ನು ಅಳೆದು, ವಿಂಗಡಿಸಿ, 1993ರಲ್ಲಿ ಇಡೀ ಒಂದು ಪುಸ್ತಕ ಮಾಡಿದರು. ಅಷ್ಟು ಕೆಲಸ ಸಾಧ್ಯವಾದದ್ದು ಆ ಎರಡು ಗೆರೆಗಳ ಬಲದಿಂದಲೂ ಹೌದು.

ಬೀದರಿಗೆ ಹಿಂದಿನ ಗೆರೆಯೂ ಮಸುಕು, ಮುಂದಿನ ಗೆರೆ ಇಲ್ಲವೇ ಇಲ್ಲ. ಅಹ್ಮದ್ ಶಾಹ ವಲಿ 1430ರ ಆಸುಪಾಸಿನಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಅದಕ್ಕೂ ಮೊದಲೇ ಇಲ್ಲಿ ಕೋಟೆ ಇತ್ತು. ಬಹಮನಿ ಆದಮೇಲೆ ಬರೀದಶಾಹಿ, 1619ರಲ್ಲಿ ಬಿಜಾಪುರದ ಆದಿಲಶಾಹಿ, 1657ರಲ್ಲಿ ಮೊಘಲರು, ಆಮೇಲೆ ಹೈದರಾಬಾದಿನ ನಿಜಾಮರು, 1948, 1956. ಇಷ್ಟರ ನಡುವೆ ಊರಲ್ಲಿ ಜನ ಒಂದು ದಿನವೂ ಮಡಕೆ ಒಡೆಯೋದು ನಿಲ್ಲಿಸಿಲ್ಲ. ಒಬ್ಬರ ಗೋಡೆಯ ಮೇಲೆ ಇನ್ನೊಬ್ಬರ ಗೋಡೆ, ಒಬ್ಬರ ತಿಪ್ಪೆಯ ಮೇಲೆ ಇನ್ನೊಬ್ಬರ ಅಂಗಳ. ಇವತ್ತಿಗೂ ಅದರ ಮೇಲೆ ನಾವು ಚಹಾ ಕುಡೀತಾ ನಿಂತಿರ್ತೀವಿ.

ಪದರ ಒಂದರ ಮೇಲೊಂದು ಕೂತಿದ್ದರೆ ಕೆಳಗಿನದು ಹಳೆಯದು, ಮೇಲಿನದು ಹೊಸದು. ಸಿವಿಲ್‌ನವರಿಗೆ ಇದು ಜಿಯಾಲಜಿಯ ಮೊದಲ ಯೂನಿಟ್. ಆದರೆ ಮನುಷ್ಯರು ಪದರಗಳನ್ನು ಸುಮ್ಮನೆ ಬಿಡೋದಿಲ್ಲ. ಹಗೇವು ತೋಡ್ತಾರೆ, ಬಾವಿ ತೋಡ್ತಾರೆ, ಪಾಯಖಾನೆ ಗುಂಡಿ ತೋಡ್ತಾರೆ. ನಮ್ಮ ಮುತ್ತಜ್ಜನ ಕಾಲದಲ್ಲಿ ತೋಡಿದ ಹಗೇವು 15ನೇ ಶತಮಾನದ ನೆಲವನ್ನು ಕೊರೆದು ಕೆಳಗಿಳಿದಿರಬಹುದು. ಜೋಳ ತುಂಬೋದು ನಿಂತ ಮೇಲೆ ಅದೇ ಹಗೇವು ಕಸದಿಂದ ತುಂಬಿಕೊಂಡಿರುತ್ತೆ. ಈಗ ಎಂಟು ಅಡಿ ಆಳದಲ್ಲಿ ಸಿಕ್ಕಿದ ಬೋಕಿ ನೂರು ವರ್ಷದ್ದೋ ಆರುನೂರು ವರ್ಷದ್ದೋ? ಆಳ ಒಂದನ್ನೇ ಟೇಪ್ ಹಿಡಿದು ಅಳೆದರೆ ಮೋಸಹೋಗ್ತೀವಿ. ಗುಂಡಿಯ ಅಂಚು ಮಣ್ಣಿನ ಬಣ್ಣದಲ್ಲಿ ಕಾಣುತ್ತೆ, ಒಳಗಿನ ಮಣ್ಣು ಸಡಿಲ, ಬೂದಿ ಮಿಶ್ರ, ಹೊರಗಿನದು ಗಟ್ಟಿ. ಹಿರಿಯರು ಮಣ್ಣಿನ ಬಣ್ಣ ಕೇಳಿದ್ದು ಅದಕ್ಕೇ.

ಇಲ್ಲೊಂದು ಸರಳ ತರ್ಕ ಇದೆ. ಒಂದು ಪದರದ ಕಾಲವನ್ನು ಅದರೊಳಗಿನ ಅತಿ ಹೊಸ ವಸ್ತು ನಿರ್ಧರಿಸುತ್ತೆ. ಹಳೇ ಬೋಕಿ ಹೊಸ ಮಣ್ಣಿನಲ್ಲಿ ಇರಬಹುದು, ಅದು ಊರಲ್ಲೆಲ್ಲ ಉರುಳಾಡಿಕೊಂಡೇ ಇರುತ್ತೆ. ಹೊಸ ಬೋಕಿ ಮಾತ್ರ ಕಲಕದೆ ಉಳಿದ ಹಳೇ ಪದರಕ್ಕೆ ಹೋಗೋಕೆ ಸಾಧ್ಯ ಇಲ್ಲ. ಉದಾಹರಣೆಗೆ ಮಣ್ಣಿನ ಚಿಲುಮೆಯ ಒಂದು ಚೂರು. ಹೊಗೆಸೊಪ್ಪು ಅಮೆರಿಕದ ಗಿಡ, ಪೋರ್ಚುಗೀಸರ ಮೂಲಕ ದಖನ್ನಿಗೆ ಬಂತು. ಅಕ್ಬರನ ಆಸ್ಥಾನದ ಅಸದ್ ಬೇಗ್ 1604ರ ಸುಮಾರಿಗೆ ಬಿಜಾಪುರದಿಂದ ಹೊಗೆಸೊಪ್ಪು ಒಯ್ದು ಬಾದಶಹನಿಗೆ ತೋರಿಸಿದ ಅಂತ ತಾನೇ ಬರೆದಿಟ್ಟಿದ್ದಾನೆ. ಹಾಗಾಗಿ ಹೊಗೆಸೊಪ್ಪಿನ ಚಿಲುಮೆ ಸಿಕ್ಕ ಪದರ ಬಹಮನಿಯದ್ದು ಆಗೋದಿಲ್ಲ, ಅದರಲ್ಲಿ ಎಷ್ಟೇ ಬಹಮನಿ ಬೋಕಿ ಇದ್ದರೂ. ಹಾಗೇ ಮಂಗಳೂರು ಹಂಚು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆ ಹಂಚಿನ ಒಂದು ತುಂಡು ಇದ್ದರೆ ಪದರ ಅದಕ್ಕಿಂತ ಈಚಿನದು, ಮುಗೀತು.

ನಮ್ಮ ಚೀಲದಲ್ಲಿ ಚಿಲುಮೆ ಚೂರು ಒಂದಿದೆ, ಮಂಗಳೂರು ಹಂಚು ಮೂರಿವೆ. ಅವು ಯಾವ ಬೋಕಿಗಳ ಜೊತೆ ಇದ್ದವು ಅಂತ ಗೊತ್ತಿದ್ದಿದ್ದರೆ ಇಡೀ 61ನ್ನೂ ಎರಡು ಮೂರು ಗುಂಪು ಮಾಡಬಹುದಿತ್ತು.

ಕೈಯಲ್ಲಿರೋ ಅರ್ಧ

ಜಾಗ ಮರೆತುಹೋದರೂ ಬೋಕಿ ತನ್ನ ಬಗ್ಗೆ ತಾನು ಒಂದಿಷ್ಟು ಹೇಳುತ್ತೆ. ಮೊದಲು ನೋಡಬೇಕಾದ್ದು ಮುರಿದ ಅಂಚು. ಅಂಚಿನ ನಡುವೆ ಕಪ್ಪು ಗೆರೆ, ಎರಡೂ ಬದಿ ಕೆಂಪು ಇದ್ದರೆ ಆವಿಗೆಯಲ್ಲಿ ಬೆಂಕಿ ಪೂರ್ತಿ ಒಳಗೆ ಇಳಿದಿಲ್ಲ ಅಂತ. ಮಣ್ಣಿನ ಜೊತೆ ಕಲಸಿದ ಹೊಟ್ಟು, ಲದ್ದಿಯ ಇಂಗಾಲ ಒಳಗೇ ಉಳಿದಿದೆ. ಬಣ್ಣದ ಲೆಕ್ಕ ಎಲ್ಲ ಕಬ್ಬಿಣದ್ದು. ಗಾಳಿ ಚೆನ್ನಾಗಿ ಆಡಿದರೆ ಕಬ್ಬಿಣ ಹೆಮಟೈಟ್ ಆಗಿ ಮಡಕೆ ಕೆಂಪಾಗುತ್ತೆ. ಹೊಗೆ ಕಟ್ಟಿ ಆಮ್ಲಜನಕ ಸಿಗದಂತೆ ಮಾಡಿದರೆ ಮ್ಯಾಗ್ನೆಟೈಟ್ ಮತ್ತು ಇಂಗಾಲದಿಂದ ಕಪ್ಪಾಗುತ್ತೆ. ನಮ್ಮ ನಾಡಿನ ಬೃಹತ್ ಶಿಲಾ ಸಮಾಧಿಗಳಲ್ಲಿ ಸಿಗುವ ಕಪ್ಪು-ಕೆಂಪು ಮಡಕೆ ಈ ಎರಡನ್ನೂ ಒಂದೇ ಪಾತ್ರೆಯಲ್ಲಿ ತೋರಿಸುತ್ತೆ. ಬೋರಲು ಹಾಕಿ ಸುಟ್ಟಿದ್ದರಿಂದ ಒಳಗೂ ಬಾಯಿ ಅಂಚಿಗೂ ಗಾಳಿ ಸಿಗದೆ ಕಪ್ಪು, ಹೊರಗೆ ಕೆಂಪು ಅನ್ನೋದು ಸಾಮಾನ್ಯವಾಗಿ ಕೊಡುವ ವಿವರಣೆ. ಮಟೀರಿಯಲ್ ಸೈನ್ಸ್ ಇಂಟರ್ನಲ್ಸ್‌ಗೆ ಆಕ್ಸಿಡೇಷನ್, ರಿಡಕ್ಷನ್ ಅಂತ ಬಾಯಿಪಾಠ ಮಾಡಿದ್ದು ಇದನ್ನೇ.

ಮಣ್ಣಿಗೆ ಬೆರೆಸಿದ ಮರಳು, ಹೊಟ್ಟು ಸುಮ್ಮನೆ ಅಲ್ಲ. ಹಲಬರ್ಗಾ, ಭಾಲ್ಕಿ ಕಡೆಯ ಎರೆಮಣ್ಣು ನೀರು ಕುಡಿದು ಉಬ್ಬುತ್ತೆ, ಒಣಗಿದರೆ ಬಿರಿಯುತ್ತೆ. ಬೇಸಿಗೆಯಲ್ಲಿ ಹೊಲದ ಬಿರುಕಿಗೆ ಕಾಲು ಸಿಕ್ಕಿಸಿಕೊಂಡವರಿಗೆ ವಿವರಿಸಬೇಕಿಲ್ಲ. ಅಂಥ ಮಣ್ಣಿಗೆ ಮರಳು ಸೇರದೆ ಮಡಕೆ ನಿಲ್ಲೋದಿಲ್ಲ. ಒಲೆ ಮೇಲೆ ಇಡುವ ಗಡಿಗೆಗೆ ಇನ್ನೂ ದಪ್ಪ ಕಣ ಬೇಕು, ಬಿಸಿಗೆ ಹಿಗ್ಗಿದಾಗ ಬಿರುಕು ಓಡದಂತೆ ಕಣಗಳು ತಡೀತಾವೆ. ಹಾಗಾಗಿ ದಪ್ಪ ಕಣ, ಹೊರಗೆ ಮಸಿ ಇದ್ದರೆ ಅಡುಗೆ ಪಾತ್ರೆ. ನುಣುಪು ಮಣ್ಣು, ತೆಳು ಗೋಡೆ ಇದ್ದರೆ ನೀರಿನದೋ ಬಡಿಸುವುದೋ ಅಂತ ಅಂದಾಜು ಮಾಡಬಹುದು. ಬೀದರ್ ಊರು ಕೂತಿರೋದು ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿ ಮೇಲೆ, ಕೆಳಗೆ ಮಾಂಜ್ರಾ ಬಯಲಿನಲ್ಲಿ ಎರೆಮಣ್ಣು. ಮಡಕೆ ಯಾವ ಕಡೆಯ ಮಣ್ಣಿನದು ಅನ್ನೋದನ್ನು ಎಕ್ಸ್‌ಆರ್‌ಎಫ್‌ನಂಥ ಯಂತ್ರದಲ್ಲಿ ಧಾತುಗಳ ಪ್ರಮಾಣ ಅಳೆದು, ಎರಡೂ ಕಡೆಯ ಮಣ್ಣಿನ ಜೊತೆ ಹೋಲಿಸಿ ನೋಡಬಹುದು.

ಯಂತ್ರ ಇಲ್ಲದ ಪರೀಕ್ಷೆಯೂ ಒಂದಿದೆ. ಗೆಳೆಯನ ಅಜ್ಜಿ ಸಂತೆಯಲ್ಲಿ ಕೊಡ ಕೊಳ್ಳುವಾಗ ಬೆರಳಿನಿಂದ ತಟ್ಟಿ ಕಿವಿಗೊಡ್ತಾರೆ. ಚೆನ್ನಾಗಿ ಸುಟ್ಟದ್ದು ಠಣ್ ಅನ್ನುತ್ತೆ, ಹಸಿ ಉಳಿದದ್ದು, ಸೀಳು ಬಿಟ್ಟದ್ದು ದಬ್ ಅನ್ನುತ್ತೆ. ಬೋಕಿ ನೋಡುವವರೂ ಅದನ್ನೇ ಮಾಡ್ತಾರೆ. ಭಾಲ್ಕಿಯವನೆಂದು ಹೇಳಲಾಗುವ ಕುಂಬಾರ ಗುಂಡಯ್ಯ ಮಡಕೆ ತಟ್ಟಿದ ನಾದಕ್ಕೆ ಶಿವನೇ ಕುಣಿದ ಅಂತ ಹರಿಹರನ ರಗಳೆ ಕಥೆ ಹೇಳುತ್ತೆ. ಗುಂಡಯ್ಯನ ಮಡಕೆ ಚೆನ್ನಾಗಿ ಬೆಂದಿತ್ತು ಅಂತ ನಮ್ಮ ಮೆಕ್ಯಾನಿಕಲ್ ಗೆಳೆಯನ ತೀರ್ಮಾನ!

ಇನ್ನು ಆಕಾರ. ಹೊಟ್ಟೆ ಭಾಗದ ಚೂರು ಎಷ್ಟು ದೊಡ್ಡದಿದ್ದರೂ ಹೇಳೋದು ಕಮ್ಮಿ. ಬಾಯಿ ಅಂಚಿನ ಚೂರು ಚಿಕ್ಕದಿದ್ದರೂ ಹೇಳೋದು ಜಾಸ್ತಿ, ಯಾಕಂದರೆ ಕುಂಬಾರ ಅಂಚು ತಿರುವುವ ರೀತಿ ಕಾಲದಿಂದ ಕಾಲಕ್ಕೆ ಬದಲಾಗುತ್ತೆ. ಅಂಚಿನ ಚೂರಿನಿಂದ ಇಡೀ ಬಾಯಿಯ ಅಗಲ ತೆಗೆಯೋದು ಹೇಗೆ? ಹೈಸ್ಕೂಲ್ ಜ್ಯಾಮಿತಿ ಸಾಕು. ಕಂಸದ ಎರಡು ತುದಿಗಳ ನೇರ ದೂರ ಜ್ಯಾ, ಜ್ಯಾದ ನಡುವಿನಿಂದ ಕಂಸಕ್ಕೆ ಇರುವ ಎತ್ತರ ಎರಡನ್ನೂ ಅಳೆಯಿರಿ. ಜ್ಯಾದ ವರ್ಗವನ್ನು ಎತ್ತರದ ಎಂಟರಷ್ಟರಿಂದ ಭಾಗಿಸಿ, ಅದಕ್ಕೆ ಎತ್ತರದ ಅರ್ಧ ಕೂಡಿಸಿದರೆ ತ್ರಿಜ್ಯ. ನಮ್ಮದೊಂದು ಚೂರಿಗೆ ಜ್ಯಾ 6 ಸೆಂ.ಮೀ., ಎತ್ತರ 0.5 ಸೆಂ.ಮೀ. ಬಂತು. 36ನ್ನು 4ರಿಂದ ಭಾಗಿಸಿ 9, ಕೂಡಿಸು 0.25, ತ್ರಿಜ್ಯ 9.25. ಬಾಯಗಲ 18.5 ಸೆಂ.ಮೀ. ಗಡಿಗೆ! ಕುಣಿದಾಡಿದೆವು. ಇನ್ನೊಬ್ಬ ಅದನ್ನೇ ಅಳೆದ, ಅವನಿಗೆ ಎತ್ತರ 0.4 ಬಂತು. ಈಗ ಬಾಯಗಲ ಸುಮಾರು 23 ಸೆಂ.ಮೀ. ಒಂದು ಮಿಲಿಮೀಟರ್ ತಪ್ಪಿಗೆ ನಾಲ್ಕೂವರೆ ಸೆಂ.ಮೀ. ದಂಡ. ಹಾಗಾಗಿ ಬಲ್ಲವರು ಸಣ್ಣ ಚೂರಿಗೆ ಸೂತ್ರ ಹಚ್ಚೋದಿಲ್ಲ. ಒಂದರೊಳಗೊಂದು ವೃತ್ತ ಬರೆದ ಹಾಳೆಯ ಮೇಲೆ ಅಂಚನ್ನು ಬೋರಲು ನಿಲ್ಲಿಸಿ, ಕೆಳಗೆ ಬೆಳಕು ನುಸುಳದಂತೆ ಸರಿಯಾಗಿ ಕೂರಿಸಿ, ಯಾವ ವೃತ್ತಕ್ಕೆ ಹೊಂದುತ್ತೆ ನೋಡ್ತಾರೆ. ಆಟೋಕ್ಯಾಡ್‌ನಲ್ಲಿ ಅಂಥ ಹಾಳೆ ಹತ್ತು ನಿಮಿಷದ ಕೆಲಸ.

ನೀಲಿ ಚೂರುಗಳ ಬಗ್ಗೆ ನಮಗಿದ್ದ ಆಸೆಯನ್ನೂ ಹೇಳಿಬಿಡ್ತೀವಿ. ಹಂಪಿಯಲ್ಲಿ, ದೆಹಲಿಯಲ್ಲಿ ಚೀನಾದ ಪೋರ್ಸಲೀನ್ ಸಿಕ್ಕಿದೆ ಅಂತ ಓದಿದ್ದೆವು. ಬೀದರೇನು ಕಮ್ಮಿ? 1470ರ ದಶಕದ ಹೊತ್ತಿಗೆ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್ ಇಲ್ಲಿಗೆ ಬಂದು ಸಂತೆ ನೋಡಿ ಬರೆದುಹೋಗಿದ್ದ. ನಮ್ಮ ಎರಡು ನೀಲಿ ಚೂರುಗಳಲ್ಲಿ ಒಂದು ಚಪ್ಪಟೆ, ದಪ್ಪ, ಒಂದೇ ಬದಿಗೆ ಮೆರುಗು, ಹಿಂಬದಿ ಒರಟು. ಪಾತ್ರೆ ಹೀಗಿರಲ್ಲ, ಇದು ಗೋಡೆಯ ಬಿಲ್ಲೆ. 1472ರ ಮಹಮೂದ್ ಗವಾನ್ ಮದರಸಾದ ಮಿನಾರಿನ ಮೇಲೆ ಇಂದಿಗೂ ಉಳಿದಿರುವ ನೀಲಿ ಬಿಲ್ಲೆಗಳು ನೆನಪಾದವು. ಆದರೆ ನೆನಪಾಗೋದು ಪುರಾವೆ ಅಲ್ಲ. ಅದು ಯಾವ ಕಟ್ಟಡದ್ದು, ಯಾವ ಕಾಲದ್ದು ಅಂತ ಜಾಗ ಗೊತ್ತಿಲ್ಲದೆ ಹೇಳೋಕಾಗಲ್ಲ. ಎರಡನೆಯದು ತೆಳು, ಎರಡೂ ಬದಿ ಮೆರುಗು. ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದರೆ ಬೆಳಕು ದಾಟಿತು. ನಮ್ಮ ಮಡಕೆಗಳ ಆವಿಗೆ ಸಾವಿರ ಡಿಗ್ರಿಯೊಳಗೇ ನಿಲ್ಲುತ್ತೆ. ಬೆಳಕು ದಾಟಬೇಕಂದ್ರೆ ಬಿಳಿ ಜೇಡಿಯನ್ನು 1200 ಡಿಗ್ರಿಗೂ ಮೇಲೆ ಬೇಯಿಸಿ ಒಳಗೆ ಗಾಜಿನಂತಾಗಿಸಬೇಕು. ಮಿಂಗ್ ಕಾಲದ್ದೇ ಅಂತ ಗ್ರೂಪ್‌ನಲ್ಲಿ ಸ್ಟೇಟಸ್ ಹಾಕಿಯೂ ಆಯ್ತು. ಹಿರಿಯರು ಅದನ್ನು ತಿರುಗಿಸಿ ತಳ ತೋರಿಸಿದರು. ಇಂಗ್ಲಿಷಿನ 'ಮೇಡ್ ಇನ್' ಅನ್ನೋದರ ಮೊದಲ ಐದು ಅಕ್ಷರ ಮಸುಕಾಗಿ ಉಳಿದಿದ್ದವು. ಚಹಾ ಕಪ್ಪು. ಸ್ಟೇಟಸ್ ತೆಗೆದೆವು.

ವರ್ಷ ಹೇಗೆ ಹೇಳ್ತಾರೆ?

ಆಕಾರ, ಬಣ್ಣ, ಮಣ್ಣು ಎಲ್ಲ ಸೇರಿ "ಇದು ಇಂಥ ಬಗೆಯದು" ಅನ್ನುತ್ತೆ. "ಇದು ಇಂಥ ವರ್ಷದ್ದು" ಅನ್ನೋಕೆ ಬೇರೆ ಎಲ್ಲಿಂದಲೋ ತಾರೀಖು ಸಾಲ ತರಬೇಕು. ಕರ್ನಾಟಕದಲ್ಲಿ ಇದರ ಪ್ರಸಿದ್ಧ ಕಥೆ ಚಿತ್ರದುರ್ಗ ಜಿಲ್ಲೆಯದು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಅಗೆಸಿದರು. ಅದಕ್ಕೂ ಮೊದಲು, 1945ರಲ್ಲಿ, ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಅವರಿಗೆ ಇಟಲಿಯ ಅರೆಟೈನ್ ಎಂಬ ಕೆಂಪು ಪಾತ್ರೆಯ ಚೂರುಗಳು ಸಿಕ್ಕಿದ್ದವು. ಇಟಲಿಯಲ್ಲಿ ಅದರ ಕಾಲ ಗೊತ್ತಿತ್ತು. ಅದೇ ಊರಲ್ಲಿ ಸಣ್ಣ ಚುಕ್ಕಿಗಳ ಸಾಲು ಒತ್ತಿದ ರೌಲೆಟೆಡ್ ಮಡಕೆಯೂ ಇತ್ತು. ಆ ರೌಲೆಟೆಡ್ ಮಡಕೆ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಸಿಕ್ಕಿತು. ಇಟಲಿಯಿಂದ ಅರಿಕಮೇಡು, ಅರಿಕಮೇಡುವಿನಿಂದ ಬ್ರಹ್ಮಗಿರಿ, ಹೀಗೆ ಕೊಂಡಿ ಹಾಕಿ ಕರ್ನಾಟಕದ ಮಣ್ಣಿನ ಪದರಕ್ಕೆ ಕ್ರಿಸ್ತಶಕದ ಮೊದಲ ಶತಮಾನದ ತಾರೀಖು ಬಂತು. ಅದರಿಂದ ಕೆಳಗಿನ ಪದರಗಳಿಗೆ ಅಂದಾಜಿನ ಮೇಲೆ ಹಿಂದೆ ಹಿಂದೆ ಲೆಕ್ಕ ಹಾಕಿದರು.

ಈ ಕೆಲಸ ನೋಡಿದರೆ ಈಗಲೂ ಬೆರಗು. ಆದರೆ ಲೆಕ್ಕ ತಪ್ಪಿತ್ತು. ರೌಲೆಟೆಡ್ ಮಡಕೆ ಇಟಲಿಯ ಪಾತ್ರೆ ಬರುವುದಕ್ಕೂ ಮೊದಲೇ ಶುರುವಾಗಿತ್ತು ಅಂತ ಆಮೇಲಿನ ಸಂಶೋಧನೆ ತೋರಿಸಿತು. ಬೃಹತ್ ಶಿಲಾ ಸಂಸ್ಕೃತಿಗೆ ವೀಲರ್ ಕ್ರಿ.ಪೂ. 200ರ ಆಸುಪಾಸು ಆರಂಭ ಹೇಳಿದ್ದರು. ಈಗ ಅದು ಕ್ರಿ.ಪೂ. 1000ದ ಆಚೆಗೆ ಸರಿದಿದೆ. ಅದನ್ನು ಸರಿಸಿದ್ದರಲ್ಲಿ ದಾವಣಗೆರೆ ಜಿಲ್ಲೆಯ ಕೊಮಾರನಹಳ್ಳಿಯ ಮಡಕೆ ಚೂರುಗಳ ಪಾತ್ರವೂ ಇದೆ, ಅವಕ್ಕೆ ಥರ್ಮೊಲ್ಯೂಮಿನೆಸೆನ್ಸ್ ಪರೀಕ್ಷೆ ಮಾಡಿದಾಗ.

ಈ ಪರೀಕ್ಷೆ ಇಸಿಯವರಿಗೂ ಇಷ್ಟ ಆಗುತ್ತೆ. ಮಣ್ಣಿನ ಕ್ವಾರ್ಟ್ಜ್ ಕಣಗಳೊಳಗೆ ಎಲೆಕ್ಟ್ರಾನ್ ಸಿಕ್ಕಿಹಾಕಿಕೊಳ್ಳುವ ಬಲೆಗಳಿವೆ. ಸುತ್ತಲಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂನ ವಿಕಿರಣ ವರ್ಷ ವರ್ಷವೂ ಅವನ್ನು ತುಂಬುತ್ತೆ. ಕುಂಬಾರ ಆವಿಗೆಗೆ ಹಾಕಿದಾಗ 500 ಡಿಗ್ರಿ ದಾಟಿದರೆ ಬಲೆ ಖಾಲಿ, ಗಡಿಯಾರ ಸೊನ್ನೆಗೆ. ಅಲ್ಲಿಂದ ಮತ್ತೆ ತುಂಬೋಕೆ ಶುರು. ಲ್ಯಾಬ್‌ನಲ್ಲಿ ಮತ್ತೆ ಕಾಯಿಸಿದರೆ ಸಿಕ್ಕಿಬಿದ್ದದ್ದು ಬೆಳಕಾಗಿ ಹೊರಬರುತ್ತೆ. ಒಟ್ಟು ತುಂಬಿದ್ದನ್ನು ವರ್ಷಕ್ಕೆ ತುಂಬುವ ದರದಿಂದ ಭಾಗಿಸಿದರೆ ವಯಸ್ಸು. ಒಟ್ಟು 2 ಗ್ರೇ, ವರ್ಷಕ್ಕೆ 4 ಮಿಲಿಗ್ರೇ ಅಂದರೆ 500 ವರ್ಷ. ತಪ್ಪಿನ ಅಂತರ ಸಾಮಾನ್ಯವಾಗಿ ಶೇಕಡಾ 5ರಿಂದ 10, ಅಂದರೆ 25ರಿಂದ 50 ವರ್ಷ ಆಕಡೆ ಈಕಡೆ. ಮೂರು ಸಾವಿರ ವರ್ಷದ ಕೊಮಾರನಹಳ್ಳಿಗೆ ಇಂಥ ಪರೀಕ್ಷೆ ದೊಡ್ಡ ಉತ್ತರ ಕೊಡುತ್ತೆ. ನಮ್ಮ ಬೀದರಿಗೆ, ಬೋಕಿ ಬಹಮನಿಯದೋ ಬರೀದಶಾಹಿಯದೋ ಅನ್ನುವ ಪ್ರಶ್ನೆಗೆ, ಅಷ್ಟು ಅಂತರದಲ್ಲಿ ಉತ್ತರವೇ ಜಾರಿಹೋಗುತ್ತೆ. ಅಲ್ಲಿ ಯಂತ್ರಕ್ಕಿಂತ ಅದೇ ಪದರದಲ್ಲಿ ಬಿದ್ದ ಒಂದು ತಾಮ್ರದ ದುಡ್ಡು ಹೆಚ್ಚು ಕೆಲಸಕ್ಕೆ ಬರುತ್ತೆ.

ಇನ್ನೂ ಒಂದು ಮಾತು. ವಿಕಿರಣದ ಒಂದು ಭಾಗ ಬರೋದು ಬೋಕಿಯ ಸುತ್ತಲಿನ ಮಣ್ಣಿನಿಂದ. ಆ ಮಣ್ಣಿನ ಸ್ಯಾಂಪಲ್ ಇಲ್ಲದಿದ್ದರೆ ದರವೇ ಸರಿಯಾಗಿ ಸಿಗಲ್ಲ. ಮತ್ತೆ ಅದೇ ಪ್ರಶ್ನೆ, ಎಲ್ಲಿ ಸಿಕ್ತು? ಕಾರ್ಬನ್ ಡೇಟಿಂಗ್ ಮಾಡಿಸೋಣ ಅಂದರೆ ಸುಟ್ಟ ಮಣ್ಣಿಗೆ ಅದು ನೇರವಾಗಿ ಆಗಲ್ಲ. ಪಕ್ಕದಲ್ಲಿದ್ದ ಇದ್ದಿಲಿಗೆ, ಸುಟ್ಟ ಜೋಳದ ಕಾಳಿಗೆ, ಅಥವಾ ಗಡಿಗೆಗೆ ಅಂಟಿದ ಮಸಿ, ಸೀದ ಅನ್ನದ ಪದರಕ್ಕೆ ಮಾಡ್ತಾರೆ. ನಮ್ಮ ಗಡಿಗೆ ಚೂರುಗಳಿಗೆ ಮಸಿ ಇತ್ತು. ಸೋಪಿನ ಪುಡಿ ಹಾಕಿ ನಾವೇ ತೊಳೆದೆವಲ್ಲ!

ಮುಂದಿನ ಪಾಯಕ್ಕೆ

ಬೋಕಿ ಹುಡುಕಲೆಂದೇ ಅಗೆಯೋದು ನಮ್ಮ ಕೆಲಸ ಅಲ್ಲ, ಉತ್ಖನನಕ್ಕೆ ಲೈಸೆನ್ಸ್ ಬೇಕು. ಕೋಟೆಯಂಥ ರಕ್ಷಿತ ಜಾಗದಿಂದ ಒಂದು ಚೂರನ್ನೂ ಎತ್ತೋ ಹಾಗಿಲ್ಲ, ಫೋಟೊ ತೆಗೆದು ಅಲ್ಲೇ ಬಿಟ್ಟು ಸಿಬ್ಬಂದಿಗೆ ಹೇಳಬೇಕು. ಆದರೆ ಊರಲ್ಲಿ ದಿನಾ ಎಲ್ಲೋ ಒಂದು ಕಡೆ ಒಳಚರಂಡಿಗೋ, ಪೈಪಿಗೋ, ಪಾಯಕ್ಕೋ ಅಗೀತಾನೇ ಇರ್ತಾರೆ. ಆ ಗುಂಡಿಯ ಗೋಡೆ ಒಂದೆರಡು ದಿನ ತೆರೆದಿರುತ್ತೆ, ಆಮೇಲೆ ಕಾಂಕ್ರೀಟ್. ಆ ಎರಡು ದಿನದಲ್ಲಿ ಸರ್ವೇಯಿಂಗ್ ಕಲಿತ ಯಾರಾದರೂ ಗೋಡೆಯ ಪಕ್ಕ ಸ್ಕೇಲ್ ಇಟ್ಟು ಫೋಟೊ ತೆಗೆದು, ಮೊಬೈಲ್‌ನಲ್ಲಿ ಲೊಕೇಷನ್ ಹಿಡಿದು, ಯಾವ ಪದರ ಎಷ್ಟು ದಪ್ಪ, ಯಾವ ಬಣ್ಣ, ಬೋಕಿ ಯಾವ ಪದರದಿಂದ ಮೂತಿ ಚಾಚಿದೆ ಅಂತ ಬರೆದಿಟ್ಟು ಪುರಾತತ್ವ ಇಲಾಖೆಗೆ ಕಳಿಸಿದರೆ, ಅದು ನಮ್ಮ ಒಂದು ಚೀಲ ಬೋಕಿಗಿಂತ ಬೆಲೆಯುಳ್ಳದ್ದು.

ನಮ್ಮ 61 ಚೂರುಗಳನ್ನು ಏನು ಮಾಡೋದು ಅಂತ ಹಿರಿಯರನ್ನೇ ಕೇಳಿದೆವು. "ಇಟ್ಕೊಂಡು ಕೈ ಪಳಗಿಸಿಕೊಳ್ಳ್ರಿ, ಅಂಚಿನ ಚಿತ್ರ ಬರೀರಿ," ಅಂದರು. ಈಗ ಅವು ಸಂಘದ ಕಪಾಟಿನ ಕೆಳಗಿನ ಹಲಗೆಯಲ್ಲಿವೆ. ಮೇಲೆ ಚೀಟಿ: 'ಬೀದರ್ ಹಳೇ ಊರು, ಪದರ ಗೊತ್ತಿಲ್ಲ, ತೊಳೆಯಲಾಗಿದೆ'.

ಸೋದರಮಾವನ ಮನೆಗೆ ಪಾಯ ಮುಗಿದಿದೆ, ಅಂಗಳದಲ್ಲಿ ನೀರಿನ ಸಂಪು ತೋಡೋದು ಬಾಕಿ. ತೋಡುವ ದಿನ ನಾವು ಬಂದು ಗುಂಡಿಯ ಗೋಡೆ ಅಳೆದುಕೊಳ್ತೀವಿ ಅಂತ ಫೋನಿನಲ್ಲಿ ಕೇಳಿದೆವು. "ಬರ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕೆಲಸ ನಿಲ್ಲಸಬ್ಯಾಡ್ರಿ, ಜೆಸಿಬಿಗೆ ತಾಸಿನ ಲೆಕ್ಕ ಅದ," ಅಂದರು ಮಾಮಾ. ಒಂದು ತಾಸು ಸಾಕು ಅಂದಿದ್ದೇವೆ.